ಸೊಸೆ ಕೊಡುವ ದಶಮಾಂಶದಿಂದ ಮನೆಗೆ ದೋಷವೇ?

ಪ್ರಶ್ನೆ: ನಮ್ಮ ಸೊಸೆ ಕ್ರೈಸ್ತ ಮನೆತನದವಳು. ಸಂಬಳ ಬಂದ ಕೂಡಲೇ ಹತ್ತನೇ ಒಂದು ಭಾಗ ಚರ್ಚಿಗೆ ಕೊಡುತ್ತಾಳೆ. ಮನೆ ಸಾಲ ಇನ್ನೂ ತೀರಿಲ್ಲ. ಕಂತಿಗೂ ನನ್ನ ಔಷಧಿಗೂ ಅವಳು ಕೊಡುತ್ತಾಳೆ, ನಿಜ. ಆದರೂ ಮನೆಯ ಲಕ್ಷ್ಮಿ ಹೊರಗೆ ಹೋದಂತಲ್ಲವೇ? ಶಾಂತಿ ಮಾಡಿಸಬೇಕೇ? ಸತ್ಯನಾರಾಯಣ ಪೂಜೆಗೆ ಅವಳ ದುಡ್ಡು ಬಳಸಬಹುದೇ?
— ಒಬ್ಬ ಗೃಹಿಣಿ, ಬೆಂಗಳೂರು

ಉತ್ತರ: ತಾಯೀ, ಮೊದಲೇ ಹೇಳಿಬಿಡುತ್ತೇನೆ. ದೋಷವಿಲ್ಲ, ಶಾಂತಿಯೂ ಬೇಡ. ಇಂಥದ್ದಕ್ಕೂ ಹೋಮದ ಸಾಮಾನಿನ ಪಟ್ಟಿ ಬರೆದುಕೊಡುವವರು ಸಿಕ್ಕಾರು, ಹುಷಾರು.

ದಶಮಾಂಶ ಬೈಬಲ್ಲಿನ ಹಳೆಯ ಒಡಂಬಡಿಕೆಯಿಂದ ಬಂದದ್ದು. ಪ್ರಾಚೀನ ಇಸ್ರೇಲರು ಬೆಳೆದ ಧಾನ್ಯದಲ್ಲಿ, ಎಣ್ಣೆಯಲ್ಲಿ, ಮಂದೆಯ ಕುರಿಗಳಲ್ಲಿ ಹತ್ತನೆಯದನ್ನು ದೇವರಿಗೆ ಮೀಸಲಿಡುತ್ತಿದ್ದರು. ದೇವರ ಸೇವೆಗೆ ನಿಂತ ಲೇವಿ ಕುಲದವರಿಗೆ ಭೂಮಿಯಲ್ಲಿ ಪಾಲಿರಲಿಲ್ಲ, ಇದೇ ಅವರ ಜೀವನ. ಆ ಲೇವಿಯರೂ ತಮಗೆ ಬಂದದ್ದರಲ್ಲಿ ಮತ್ತೆ ಹತ್ತನೇ ಒಂದನ್ನು ಅರ್ಪಿಸಬೇಕಿತ್ತು. (ನಮ್ಮಂಥ ಪುರೋಹಿತರು ಇದನ್ನು ಎರಡು ಸಲ ಓದಬೇಕು.) ಮೂರನೆಯ ವರ್ಷದ ದಶಮಾಂಶವನ್ನು ಊರಲ್ಲೇ ಕೂಡಿಟ್ಟು ಪರದೇಶಿ, ಅನಾಥ, ವಿಧವೆಯರು ಹೊಟ್ಟೆ ತುಂಬ ಉಣ್ಣಲಿ ಎಂಬ ಕಟ್ಟಳೆಯೂ ಇತ್ತು. ಈಗ ಎಲ್ಲ ಚರ್ಚುಗಳಲ್ಲೂ ಹತ್ತರ ನಿಯಮವಿಲ್ಲ, ಕ್ಯಾಥೊಲಿಕರಲ್ಲಿ ಯಥಾಶಕ್ತಿ. ಮಿಜೋರಾಂನಲ್ಲಂತೂ ಹೆಂಗಸರು ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಚರ್ಚಿಗೆಂದು ಬೇರೆ ಇಡುತ್ತಾರೆ. ನಮ್ಮ ಅಜ್ಜಿಯಂದಿರ ಮುಷ್ಟಿ ಅಕ್ಕಿಯ ಹಾಗೇ.

ಇನ್ನು ನಿಮ್ಮ ಅಳುಕು. ಮನೆಯವರನ್ನು ಕಷ್ಟದಲ್ಲಿಟ್ಟು ಹೊರಗೆ ದಾನ ಮಾಡುವುದು ಧರ್ಮದ ವೇಷ, ಧರ್ಮವಲ್ಲ ಅಂತ ಮನುಸ್ಮೃತಿಯ 11ನೆಯ ಅಧ್ಯಾಯದಲ್ಲಿದೆ. 'ಕೊರ್ಬಾನ್', ಅಂದರೆ ದೇವರಿಗೆ ಮೀಸಲು, ಎಂದು ನೆಪ ಹೇಳಿ ತಂದೆತಾಯಿಗೆ ಸಲ್ಲಬೇಕಾದ್ದನ್ನು ತಪ್ಪಿಸುವವರನ್ನು ಏಸುವೂ ಖಂಡಿಸಿದ್ದು ಮಾರ್ಕನ ಸುವಾರ್ತೆಯಲ್ಲಿದೆ. ನಿಮ್ಮ ಸೊಸೆ ಹಾಗೆ ಮಾಡಿದ್ದಾಳೆಯೇ? ಕಂತಿಗೂ ಔಷಧಿಗೂ ಕೊಡುತ್ತಾಳೆ ಅಂತ ನೀವೇ ಬರೆದಿದ್ದೀರಲ್ಲ! ಮಿಕ್ಕದ್ದು ಅವಳ ದುಡಿಮೆ, ಅವಳ ದೇವರು. ಕಂತಿಗೆ ತೊಂದರೆಯಾದರೆ ಮಗ-ಸೊಸೆ ಇಬ್ಬರನ್ನೂ ಕೂರಿಸಿ ಮಾತಾಡಿ. ಆಗ ಮಗನ ಖರ್ಚಿನ ಲೆಕ್ಕವೂ ಹೊರಗೆ ಬರಲಿ.

ಸತ್ಯನಾರಾಯಣ ಪೂಜೆಗೆ ಅವಳ ದುಡ್ಡು ಧಾರಾಳವಾಗಿ ಆಗುತ್ತದೆ. ತಾನಾಗಿ ಕೊಟ್ಟರೆ ತೆಗೆದುಕೊಳ್ಳಿ, ಕೇಳಿ ಪಡೆಯಬೇಡಿ. ಸಂಕಲ್ಪದಲ್ಲಿ ಅವಳ ಹೆಸರು ಹೇಳಿಸಬೇಕೋ ಬೇಡವೋ ಅನ್ನೋದನ್ನು ಮಾತ್ರ ಹಿಂದಿನ ದಿನವೇ ಅವಳನ್ನು ಕೇಳಿಕೊಳ್ಳಿ.