ಬಾಗಿಲು ತೆರೆದಾಗ ಕೈ ಎಲ್ಲಿರಬೇಕು?

ಸೆಸ್ನಾ 172 ಎಂಬುದು ನಾಲ್ಕು ಆಸನಗಳ ಪುಟ್ಟ ವಿಮಾನ. ಒಂದೇ ಇಂಜಿನ್, ತಲೆಯ ಮೇಲೆ ರೆಕ್ಕೆ, ಎರಡೂ ಬದಿಗೆ ಕಾರಿನದರಂತಹ ಬಾಗಿಲು. ರನ್‌ವೇಯಲ್ಲಿ ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗ ಬಂದಾಗ ಪೈಲಟ್ ಅದರ ಮೂಗನ್ನು ಮೇಲೆತ್ತುತ್ತಾನೆ. ನೆಲ ಬಿಟ್ಟ ಆ ಕ್ಷಣದಲ್ಲೇ, ಚಿಲಕ ಸರಿಯಾಗಿ ಕೂರದ ಬಾಗಿಲು ಫಟ್ಟನೆ ತೆರೆದುಕೊಂಡರೆ?

ಗಾಳಿ ಭೋರ್ಗರೆಯುತ್ತದೆ, ಕಾಗದಗಳು ಹಾರಾಡುತ್ತವೆ, ಪಕ್ಕದಲ್ಲಿದ್ದವರು ಕೂಗಿಕೊಳ್ಳುತ್ತಾರೆ. ಆದರೆ ಬಾಗಿಲಿನ ಕೀಲು ಮುಂಬದಿಯಲ್ಲಿರುವುದರಿಂದ ಎದುರುಗಾಳಿಯೇ ಅದನ್ನು ಒತ್ತಿ ಹಿಡಿಯುತ್ತದೆ. ಕೆಲವು ಅಂಗುಲಕ್ಕಿಂತ ಹೆಚ್ಚು ಅದು ತೆರೆಯಲಾರದು. ವಿಮಾನವು ಹಾರುತ್ತಲೇ ಇರುತ್ತದೆ. ಒಂದು ಸುತ್ತು ಬಂದು ಇಳಿದು, ಬಾಗಿಲು ಮುಚ್ಚಿ ಮತ್ತೆ ಹೊರಟರಾಯಿತು. ಅಮೆರಿಕದ ವಿಮಾನಯಾನ ಇಲಾಖೆಯು ಪೈಲಟ್‌ಗಳಿಗಾಗಿ ಹೊರತಂದಿರುವ ಕೈಪಿಡಿಯ ಪ್ರಕಾರ, ಅಪಾಯವಿರುವುದು ಬಾಗಿಲಿನಲ್ಲಿ ಅಷ್ಟಾಗಿ ಅಲ್ಲ, ಪೈಲಟ್‌ನ ಪ್ರತಿಕ್ರಿಯೆಯಲ್ಲಿ. ಆತ ಬಾಗಿಲಿನತ್ತ ಬಾಗಿ ಕೈ ಚಾಚುತ್ತಾನೆ, ಅರಿವಿಲ್ಲದೆ ಮೂಗು ಮೇಲೇರುತ್ತದೆ, ವೇಗ ಕುಸಿಯುತ್ತದೆ, ರೆಕ್ಕೆ ಗಾಳಿಯ ಆಧಾರ ಕಳಕೊಳ್ಳುತ್ತದೆ. ಅಷ್ಟು ಕೆಳಗಿರುವಾಗ ಚೇತರಿಸಿಕೊಳ್ಳಲು ಜಾಗವಿಲ್ಲ.

ಕಣ್ಣೆದುರಿನ ಕೊರತೆಯನ್ನು ಸರಿಪಡಿಸುವುದು ಸತ್ಕಾರ್ಯವೆಂದೇ ನಾವು ಕಲಿತಿದ್ದೇವೆ. ಆ ಸತ್ಕಾರ್ಯವೇ ಅಮಾನತ್‌ಗೆ ಎಸಗುವ ದ್ರೋಹವಾಗುವ ಗಳಿಗೆಯೂ ಇದೆಯೇ?

1972ರ ಡಿಸೆಂಬರ್ 29ರ ರಾತ್ರಿ ನ್ಯೂಯಾರ್ಕಿನಿಂದ ಮಯಾಮಿಗೆ ಬಂದ ವಿಮಾನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಅದು ಪುಟ್ಟ ವಿಮಾನವಲ್ಲ, 176 ಮಂದಿಯಿದ್ದ ಭಾರೀ ಜೆಟ್. ಇಳಿಯುವ ಹೊತ್ತಿಗೆ ಮುಂಗಾಲಿನ ಚಕ್ರ ಇಳಿದಿದೆಯೆಂದು ತೋರಿಸುವ ದೀಪ ಹತ್ತಲಿಲ್ಲ. 2000 ಅಡಿ ಎತ್ತರದಲ್ಲಿ ಸುತ್ತುತ್ತಾ ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಆ ದೀಪದ ಹಿಂದೆ ಬಿದ್ದರು. ಎತ್ತರವನ್ನು ಕಾಯುತ್ತಿದ್ದ ಸ್ವಯಂಚಾಲಿತ ವ್ಯವಸ್ಥೆ ಕಳಚಿಕೊಂಡದ್ದು ಯಾರ ಗಮನಕ್ಕೂ ಬರಲಿಲ್ಲ. ಎಚ್ಚರಿಕೆಯ ಸದ್ದೂ ಕೇಳಿಸಲಿಲ್ಲ. ವಿಮಾನ ಮೆಲ್ಲಮೆಲ್ಲನೆ ಇಳಿದು ಜೌಗು ನೆಲಕ್ಕೆ ಬಡಿಯಿತು. 101 ಮಂದಿ ಸತ್ತರು. ಚಕ್ರ ಸರಿಯಾಗಿಯೇ ಇಳಿದಿತ್ತು. ಸುಟ್ಟುಹೋಗಿದ್ದುದು ಬಲ್ಬು ಮಾತ್ರ.

ಅಲ್ಲಿ ಯಾರೂ ಸೋಮಾರಿಗಳಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಎಲ್ಲರೂ ಶ್ರದ್ಧೆಯಿಂದ ದುಡಿಯುತ್ತಿದ್ದರು. ಶ್ರದ್ಧೆ ತಪ್ಪು ಜಾಗದಲ್ಲಿತ್ತು.

ಹಾಗಾದರೆ ಸಣ್ಣ ದೋಷವನ್ನು ಕಡೆಗಣಿಸಿ ಮುಂದುವರಿಯುವುದೇ ವಿವೇಕವೇ? ಅದೂ ಅಲ್ಲ. ಇಲ್ಲಿ ನೆಲಕ್ಕೊಂದು ನ್ಯಾಯ, ಬಾನಿಗೊಂದು ನ್ಯಾಯ. ರನ್‌ವೇಯಲ್ಲಿ ಓಟ ಆರಂಭಿಸಿದೊಡನೆ ಪೈಲಟ್ ವೇಗಸೂಚಕದ ಮುಳ್ಳನ್ನು ನೋಡುತ್ತಾನೆ. ಗಾಳಿ ಹಿಡಿಯುವ ಕೊಳವೆಯಲ್ಲಿ ಕಣಜ ಗೂಡು ಕಟ್ಟಿದ್ದರೆ ಅಥವಾ ಅದರ ಮುಸುಕು ತೆಗೆಯಲು ಮರೆತಿದ್ದರೆ ಮುಳ್ಳು ಅಲುಗದು. ಮುಂದೆ ಸಾಕಷ್ಟು ರನ್‌ವೇ ಉಳಿದಿರುವಾಗ ಅಷ್ಟು ಅನುಮಾನವೇ ಸಾಕು, ಇಂಜಿನ್ ತಗ್ಗಿಸಿ ನಿಲ್ಲಿಸಬೇಕು. ಆದರೆ ಅದೇ ಮುಳ್ಳು ಕೈಕೊಟ್ಟದ್ದು ನೆಲ ಬಿಟ್ಟ ಮೇಲೆ ತಿಳಿದರೆ? ಆಗ ಇಂಜಿನ್‌ನ ಶಕ್ತಿ, ಕ್ಷಿತಿಜಕ್ಕೆ ಮೂಗು ಇರುವ ಕೋನ ಈ ಎರಡನ್ನು ನಂಬಿ ಶಾಂತವಾಗಿ ಸುತ್ತಿ ಬಂದು ಇಳಿಯಬೇಕು.

ಇದನ್ನು ಓದುವಾಗ ನಮಗೆ ವುಝೂವಿನ ಬಗೆಗಿನ ಹದೀಸ್ ನೆನಪಾಗುತ್ತದೆ. ನಮಾಝ್‌ನಲ್ಲಿ ನಿಂತವನಿಗೆ ವುಝೂ ಮುರಿಯಿತೇನೋ ಎಂಬ ಶಂಕೆ ಬಂದರೆ, ಸದ್ದೋ ವಾಸನೆಯೋ ಖಚಿತವಾಗುವವರೆಗೆ ಆತ ನಮಾಝ್ ಬಿಡಬೇಕಾಗಿಲ್ಲ ಎಂದು ಪ್ರವಾದಿ(ಸ) ಕಲಿಸಿದರು. ಶಂಕೆಯು ಖಚಿತವಾದದ್ದನ್ನು ಅಳಿಸದು ಎಂಬ ತತ್ವವನ್ನು ಕರ್ಮಶಾಸ್ತ್ರ ವಿದ್ವಾಂಸರು ಗಟ್ಟಿಗೊಳಿಸಿದ್ದಾರೆ. ಹಾಗೆಂದು ಎದುರಿಗೆ ಒಬ್ಬ ಮುಳುಗುತ್ತಿದ್ದರೆ ನಮಾಝ್ ಮುರಿದು ಓಡಬೇಕೆಂದೂ ಅವರೇ ಹೇಳಿದ್ದಾರೆ. ಯಾವುದಕ್ಕಾಗಿ ಬಿಡಬೇಕು, ಯಾವುದಕ್ಕಾಗಿ ಬಿಡಬಾರದು ಎಂಬ ತೂಕವನ್ನು ಮೊದಲೇ ಕಲಿತಿರಬೇಕು. ಆ ಗಳಿಗೆಯಲ್ಲಿ ಕಿತಾಬ್ ತೆರೆಯಲಾಗದು. ಪೈಲಟ್‌ಗಳೂ ಹೊರಡುವ ಮುನ್ನವೇ, ಇಂತಹದಾದರೆ ನಿಲ್ಲಿಸುತ್ತೇನೆ, ಇಂತಹದಾದರೆ ಮುಂದುವರಿಯುತ್ತೇನೆ ಎಂದು ಬಾಯಿಬಿಟ್ಟು ಹೇಳಿಕೊಳ್ಳುತ್ತಾರೆ. ತವಕ್ಕುಲ್ ಎಂದರೆ ಕೈಕಟ್ಟಿ ಕೂರುವುದೆಂದು ತಿಳಿದವರು ಇದನ್ನು ಕಂಡರೆ ಒಳ್ಳೆಯದು.

ನಿಲ್ಲಿಸುವುದು ಕೇಳಲು ಸುಲಭ. ಜೊತೆಯಲ್ಲಿ ಬಂಧುಗಳಿರುತ್ತಾರೆ, ಹಿಂದೆ ಬೇರೆ ವಿಮಾನ ಕಾಯುತ್ತಿರುತ್ತದೆ, ಹಿಂತಿರುಗಿದರೆ ನಗೆಪಾಟಲಾದೀತೆಂಬ ಅಳುಕಿರುತ್ತದೆ. ಈ ಅಳುಕಿನ ಹೆಸರೇ ಅಹಂ ಎಂದು ನಾವು ಭಾವಿಸುತ್ತೇವೆ. ಕರಾವಳಿಯ ಓದುಗರಿಗೆ 2010ರ ಮೇ 22ರ ಮುಂಜಾನೆಯನ್ನು ನೆನಪಿಸಬೇಕಾಗಿಲ್ಲ. ದುಬೈಯಿಂದ ಬಂದ ವಿಮಾನ ಬಜಪೆಯ ರನ್‌ವೇ ದಾಟಿ ಕಣಿವೆಗುರುಳಿ 158 ಮಂದಿ ಅಸುನೀಗಿದರು. ಅಲ್ಲಿದ್ದುದು ಯಂತ್ರದೋಷವಲ್ಲ, ಇಳಿಯುವಿಕೆಯ ಲೆಕ್ಕ ತಪ್ಪಿತ್ತು. ಮೇಲಕ್ಕೆ ಹೋಗೋಣ ಎಂದು ಸಹ ಪೈಲಟ್ ಮೂರು ಬಾರಿ ಹೇಳಿದ್ದರೂ ಕ್ಯಾಪ್ಟನ್ ಇಳಿಯುವ ಪ್ರಯತ್ನವನ್ನು ಕೈಬಿಡಲಿಲ್ಲವೆಂದು ತನಿಖೆ ಕಂಡುಕೊಂಡಿತು. ಆರಂಭಿಸಿದ್ದನ್ನು ಬಿಡಲಾಗದ ಮನಸ್ಸಿನ ಬೆಲೆ ನಮ್ಮ ಎಷ್ಟೋ ಮನೆಗಳಿಗೆ ಗೊತ್ತಿದೆ.

ನಮ್ಮ ಜಮಾಅತ್ ಸಭೆಗಳಲ್ಲಿ ಧ್ವನಿವರ್ಧಕದ ಬಗ್ಗೆ ಎರಡು ಗಂಟೆ ಜಗಳ ನಡೆಯುತ್ತದೆ. ಮದ್ರಸ ಬಿಟ್ಟುಹೋದ ಮಕ್ಕಳ ವಿಷಯ ಬರುವಷ್ಟರಲ್ಲಿ ಇಶಾ ಬಾಂಗ್ ಆಗಿರುತ್ತದೆ. ಬಲ್ಬಿನ ಸುತ್ತ ಎಲ್ಲರೂ ಇದ್ದಾರೆ, ಎತ್ತರವನ್ನು ನೋಡುತ್ತಿರುವವರು ಯಾರು?

ಕೆಲವು ವಿಮಾನ ಶಿಕ್ಷಕರು ತರಬೇತಿಯ ವೇಳೆ ಬೇಕೆಂದೇ ಬಾಗಿಲಿನ ಚಿಲಕ ತೆಗೆಯುವುದುಂಟು. ಬಾಗಿಲು ಬಡಿಯುತ್ತದೆ, ಗಾಳಿ ನುಗ್ಗುತ್ತದೆ. ಶಿಕ್ಷಕರು ಬಾಗಿಲಿನತ್ತ ತಿರುಗಿಯೂ ನೋಡುವುದಿಲ್ಲ. ಅವರ ಕಣ್ಣಿರುವುದು ವಿದ್ಯಾರ್ಥಿಯ ಕೈಗಳ ಮೇಲೆ.