ಮೈದುಂಬಿದ ಮಾತಿಗೆ ಯಾರು ಸಾಕ್ಷಿ?

ಮಧುಗಿರಿ ತಾಲ್ಲೂಕಿನ ದೊಡ್ಡೇರಿಯಿಂದ ಸಿರಾ, ಕೊರಟಗೆರೆ, ಪಾವಗಡಗಳವರೆಗಿನ ಬಯಲುಸೀಮೆಯಲ್ಲಿ ಹಬ್ಬದ ದಿನ ತಮಟೆ, ಉರುಮೆಗಳ ಬಡಿತ ಏರುತ್ತಿದ್ದಂತೆ ಗುಂಪಿನಲ್ಲಿ ಯಾರದೋ ಮೈ ನಡುಗಲು ತೊಡಗುವುದು ಹೊಸತೇನಲ್ಲ. ಕಣ್ಣು ಮೇಲಾಗುತ್ತದೆ, ಉಸಿರು ಬಿರುಸಾಗುತ್ತದೆ, ದನಿ ಬೇರೆಯಾಗುತ್ತದೆ. ‘ಅಮ್ಮ ಬಂದ್ಲು’ ಎಂದು ಜನ ಹಿಂದೆ ಸರಿದು ಕೈಮುಗಿಯುತ್ತಾರೆ, ಬಂಡಾರ ಹಿಡಿಯುತ್ತಾರೆ. ಮಳೆ ಯಾವಾಗ, ಮಗಳ ಮದುವೆ ಯಾಕೆ ತಡ, ಕೊಟ್ಟಿಗೆಯ ದನ ಯಾಕೆ ಸತ್ತಿತು ಎಂದು ಕೇಳುತ್ತಾರೆ. ಬಂದ ಉತ್ತರವನ್ನು ‘ಹೇಳಿಕೆ’ ಎನ್ನುತ್ತಾರೆ, ‘ಅಪ್ಪಣೆ’ ಎನ್ನುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಅದೇ ಮನುಷ್ಯ ಸುಸ್ತಾಗಿ ಕುಳಿತು ನೀರು ಕೇಳುತ್ತಾನೆ; ತಾನೇನು ನುಡಿದೆ ಎಂಬುದು ಅವನಿಗೆ ಎಷ್ಟೋ ಸಲ ನೆನಪಿರುವುದಿಲ್ಲ. ಹಾಗಾದರೆ ಆ ಮಾತು ಯಾರದು? ಆಡಿದವನಿಗೇ ನೆನಪಿಲ್ಲದ ಮಾತಿಗೆ ಸಾಕ್ಷಿ ಯಾರು? ಈ ಪ್ರಶ್ನೆಗೆ ಭಕ್ತರ ಹತ್ತಿರ ಒಂದು ಉತ್ತರವಿದೆ, ವಿಚಾರವಾದಿಗಳ ಹತ್ತಿರ ಇನ್ನೊಂದಿದೆ. ಎರಡೂ ಅವಸರದ ಉತ್ತರಗಳೆಂಬುದು ನನ್ನ ಅಭಿಪ್ರಾಯ. ಮೈದುಂಬಿದ್ದು ನಿಜವೆಂದ ಮಾತ್ರಕ್ಕೆ ನುಡಿದದ್ದು ನಿಜವಾಗುವುದಿಲ್ಲ. ನುಡಿದದ್ದು ಸುಳ್ಳಾಯಿತೆಂದ ಮಾತ್ರಕ್ಕೆ ಮೈದುಂಬಿದ್ದು ಸೋಗೂ ಆಗುವುದಿಲ್ಲ. ಇವು ಎರಡು ಬೇರೆ ಪ್ರಶ್ನೆಗಳು. ಇವನ್ನು ಒಂದೇ ಗಂಟಿಗೆ ಕಟ್ಟಿದ್ದರಿಂದಲೇ ನಮ್ಮಲ್ಲಿ ಒಂದು ಕಡೆ ಮೌಢ್ಯ, ಇನ್ನೊಂದು ಕಡೆ ತಾತ್ಸಾರ ಬೆಳೆದಿವೆ.

ನಮ್ಮ ಮಾತಿನ ಬಳಕೆಯಲ್ಲೇ ಈ ವಿವೇಕದ ಸುಳಿವಿದೆ. ದೇವರು ಮೈಮೇಲೆ ‘ಬರುತ್ತದೆ’, ದೆವ್ವ ‘ಹಿಡಿಯುತ್ತದೆ’, ಗಾಳಿ ‘ಸೋಕುತ್ತದೆ’. ಅವನು ದೇವರಾದ ಎಂದು ಯಾರೂ ಅನ್ನುವುದಿಲ್ಲ. ಅವನ ಮೇಲೆ ದೇವರು ಬಂತು ಎನ್ನುತ್ತಾರೆ. ಬಂದದ್ದು ಹೋಗುತ್ತದೆ, ಮನುಷ್ಯ ಉಳಿಯುತ್ತಾನೆ. ಬಂದದ್ದರ ಸ್ವಭಾವವನ್ನು ನೋಡಿ ಹೆಸರಿಡುವ ಹೊಣೆ ನೋಡುವವರದು. ಒಂದೇ ಬಗೆಯ ನಡುಕ, ಒಂದೇ ಬಗೆಯ ಕೂಗು ಕಂಡಾಗಲೂ ಊರು ಒಂದನ್ನು ದೇವರೆಂದು ಕೂರಿಸುತ್ತದೆ, ಇನ್ನೊಂದನ್ನು ಪೀಡೆಯೆಂದು ಬಿಡಿಸುತ್ತದೆ. ಅಂದರೆ ಮೈಯಲ್ಲಿ ಆಗುವ ಬದಲಾವಣೆ ಒಂದು ಸಂಗತಿ, ಅದರ ಅರ್ಥ ಇನ್ನೊಂದು ಸಂಗತಿ ಎಂಬುದನ್ನು ಈ ಸೀಮೆಯ ಜನ ನಡವಳಿಕೆಯಲ್ಲಿ ಒಪ್ಪಿಕೊಂಡೇ ಇದ್ದಾರೆ.

ಮೊದಲು ‘ಇದೆಲ್ಲ ನಾಟಕ’ ಎನ್ನುವವರ ಆಕ್ಷೇಪವನ್ನು ನೋಡೋಣ. ಸೋಗು ಹಾಕುವವರು ಇದ್ದಾರೆ, ಅದರಿಂದ ದುಡ್ಡು ಮಾಡುವವರೂ ಇದ್ದಾರೆ. ಆದರೆ ಮೋಸಗಾರರಿಂದ ಮಾತ್ರ ಈ ಆಚರಣೆಯನ್ನು ವಿವರಿಸಲು ಆಗುವುದಿಲ್ಲ. ಮಾನವಶಾಸ್ತ್ರಜ್ಞೆ ಎರಿಕಾ ಬೂರ್ಗಿನ್ಯೋಂ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲೋಕದ 488 ಸಮಾಜಗಳ ವಿವರಗಳನ್ನು ಹೋಲಿಸಿ ನೋಡಿದರು. ಅವುಗಳಲ್ಲಿ ನೂರಕ್ಕೆ ತೊಂಬತ್ತರಷ್ಟು ಸಮಾಜಗಳು ಪ್ರಜ್ಞೆಯ ಸ್ಥಿತಿಯನ್ನು ಬದಲಿಸಿಕೊಳ್ಳುವ ಒಂದಲ್ಲ ಒಂದು ಪದ್ಧತಿಯನ್ನು ಧಾರ್ಮಿಕ ಆಚರಣೆಯಾಗಿ ಇಟ್ಟುಕೊಂಡಿದ್ದವು. ಒಬ್ಬರನ್ನೊಬ್ಬರು ಕಂಡರಿಯದ ಇಷ್ಟು ಜನ ಒಂದೇ ಮೋಸವನ್ನು ಕಲಿತರು ಎನ್ನುವುದಕ್ಕಿಂತ, ಮನುಷ್ಯನ ಮೈಮನಸ್ಸಿಗೆ ಇಂಥದೊಂದು ಶಕ್ಯತೆ ಹುಟ್ಟಿನಿಂದಲೇ ಇದೆ ಎನ್ನುವುದು ಹೆಚ್ಚು ನಂಬಲರ್ಹ. ಬಾಲಿ ದ್ವೀಪದ ಉತ್ಸವವೊಂದರಲ್ಲಿ ಪಾಲ್ಗೊಂಡವರ ರಕ್ತವನ್ನು ಜಪಾನಿನ ಸಂಶೋಧಕರು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿದ ವರದಿ ಇದಕ್ಕೆ ಪೂರಕವಾಗಿದೆ: ಅದೇ ಕುಣಿತದಲ್ಲಿದ್ದೂ ಮೈದುಂಬದವರಿಗಿಂತ ಮೈದುಂಬಿದವರಲ್ಲಿ ಡೋಪಮಿನ್, ನಾರ್‌ಅಡ್ರೆನಲಿನ್, ಬೀಟಾ ಎಂಡಾರ್ಫಿನ್‌ಗಳು ಹೆಚ್ಚಾಗಿದ್ದವು. ನಾಟಕವಾಡುವವನ ನಾಲಿಗೆ ಸುಳ್ಳು ಹೇಳಬಹುದು. ಅವನ ರಕ್ತಕ್ಕೆ ಅಷ್ಟು ಸುಲಭವಾಗಿ ಸುಳ್ಳು ಹೇಳಲು ಬರುವುದಿಲ್ಲ.

‘ಹಾಗಾದರೆ ಇದು ಬರೀ ತಮಟೆಯ ಪ್ರಭಾವ, ಮಿದುಳಿನ ರಸಾಯನ’ ಎಂದು ಅದೇ ಆಕ್ಷೇಪ ಇನ್ನೊಂದು ವೇಷದಲ್ಲಿ ಬರುತ್ತದೆ. ತಮಟೆಯ ಸದ್ದಿಗೇ ಆ ಶಕ್ತಿಯಿದ್ದರೆ ಬಾರಿಸುವವನ ಮೇಲೇ ಮೊದಲು ದೇವರು ಬರಬೇಕಿತ್ತು. ಫ್ರಾನ್ಸಿನ ಸಂಗೀತಶಾಸ್ತ್ರಜ್ಞ ಜಿಲ್ಬೆರ್ ರೂಜೆ 1980ರ ತಮ್ಮ ಗ್ರಂಥದಲ್ಲಿ ಲೋಕದ ಅನೇಕ ಕಡೆಯ ನಿದರ್ಶನಗಳನ್ನು ಒಟ್ಟುಮಾಡಿ ಇದೇ ನಿರ್ಣಯಕ್ಕೆ ಬಂದರು: ಸಂಗೀತ ತನ್ನ ಬಲದಿಂದಲೇ ಯಾರನ್ನೂ ಮೈಮರೆಸುವುದಿಲ್ಲ, ಅದಕ್ಕೆ ನಂಬಿಕೆ, ಸಂದರ್ಭ, ಕಲಿಕೆ ಕೂಡಬೇಕು. ಸದ್ದು, ಜನ, ಚಲನೆಗಳ ನಡುವೆ ಬರುವ ಆವೇಶ ಒಂದು. ಮೌನ, ಏಕಾಂತ, ನಿಶ್ಚಲತೆಯಲ್ಲಿ ಬರುವ ಸಮಾಧಿಸ್ಥಿತಿ ಇನ್ನೊಂದು ಎಂದೂ ಅವರು ಬಿಡಿಸಿ ತೋರಿಸಿದರು. ಈ ಎರಡಕ್ಕೂ ನಮ್ಮ ಸೀಮೆಯಲ್ಲಿ ತಾಣಗಳಿವೆ. ಮಾರಮ್ಮನ ಗುಡಿಯ ಮುಂದಿನ ಬಯಲು ಮೊದಲನೆಯದಕ್ಕೆ. ಸಿದ್ಧರು ತಪಸ್ಸು ಮಾಡಿದರೆಂದು ಜನ ನಂಬುವ ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟದ ಗವಿಗಳು ಎರಡನೆಯದಕ್ಕೆ. ಗವಿಯಲ್ಲಿ ಕಣ್ಣುಮುಚ್ಚಿ ಕುಳಿತವನನ್ನು ಗೌರವದಿಂದ ಕಾಣುವ ಓದಿದವರು ಬಯಲಲ್ಲಿ ಕುಣಿಯುವವಳನ್ನು ಕಂಡು ನಗುವುದುಂಟು. ಎರಡೂ ಕಡೆ ಮಿದುಳು ಕೆಲಸ ಮಾಡುತ್ತಿದೆ, ಎರಡೂ ಕಡೆ ಸಂಸ್ಕಾರದ ತಿದ್ದುವಿಕೆ ಇದೆ. ಮಿದುಳಿನಲ್ಲಿ ನಡೆಯುತ್ತದೆ ಎಂಬ ಕಾರಣಕ್ಕೆ ಅನುಭವ ಸುಳ್ಳಾಗುವುದಾದರೆ, ಈಗ ನಾವು ಮಾಡುತ್ತಿರುವ ತರ್ಕವೂ ಸುಳ್ಳಾಗಬೇಕಾಗುತ್ತದೆ.

ಅನುಭವದ ಪಾಲಿಗೆ ಇಷ್ಟು ಸಾಕು. ಈಗ ಹೇಳಿಕೆಯ ವಿಚಾರ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1902ರಲ್ಲಿ ಪ್ರಕಟವಾದ ಧಾರ್ಮಿಕ ಅನುಭವಗಳನ್ನು ಕುರಿತ ಗ್ರಂಥದಲ್ಲಿ ಇಂಥ ಸ್ಥಿತಿಗಳ ಒಂದು ಲಕ್ಷಣವನ್ನು ಗುರುತಿಸಿದರು: ಅವುಗಳಲ್ಲಿ ಮನುಷ್ಯನಿಗೆ ಬರೀ ಭಾವೋದ್ರೇಕವಾಗುವುದಿಲ್ಲ, ಏನನ್ನೋ ತಿಳಿದುಕೊಂಡೆ ಎಂಬ ದೃಢವಾದ ಭಾವ ಹುಟ್ಟುತ್ತದೆ. ಅನುಭವಿಸಿದವನ ಮೇಲೆ ಅದಕ್ಕೆ ಅಧಿಕಾರವಿದೆ; ಆದರೆ ಅನುಭವಿಸದವನು ವಿಮರ್ಶೆಯಿಲ್ಲದೆ ಅದನ್ನು ಒಪ್ಪಬೇಕಾಗಿಲ್ಲ ಎಂದೂ ಜೇಮ್ಸ್ ಹೇಳಿದರು. ನಮ್ಮ ನ್ಯಾಯದರ್ಶನ ಇದೇ ಮಾತನ್ನು ಬೇರೆ ದಾರಿಯಲ್ಲಿ ಹೇಳುತ್ತದೆ. ಶಬ್ದ ಪ್ರಮಾಣವಾಗಬೇಕಾದರೆ ಅದು ಆಪ್ತನ ಮಾತಾಗಿರಬೇಕು. ಆಪ್ತನೆಂದರೆ ವಿಷಯವನ್ನು ತಾನೇ ಬಲ್ಲವನು, ಬಲ್ಲಂತೆ ಹೇಳುವ ಮನಸ್ಸುಳ್ಳವನು. ದೃಢತೆ ಅಲ್ಲಿ ಪ್ರಮಾಣವಲ್ಲ. ತಿಳಿವು ಮತ್ತು ಪ್ರಾಮಾಣಿಕತೆ ಪ್ರಮಾಣ. ಕೊಳವೆಬಾವಿಯಲ್ಲಿ ನೀರು ಎಷ್ಟು ಅಡಿಗೆ ಸಿಗುತ್ತದೆ, ಒಡವೆ ಕದ್ದವರು ಯಾರು ಎಂಬ ಪ್ರಶ್ನೆಗಳಿಗೆ ಬರುವ ಉತ್ತರ ಎಷ್ಟೇ ಗಂಭೀರವಾದ ದನಿಯಲ್ಲಿ ಬಂದರೂ, ಅದು ನೆಲವನ್ನು ಅಗೆದು, ಸಾಕ್ಷಿಯನ್ನು ಕೇಳಿ ತೀರ್ಮಾನಿಸಬೇಕಾದ ಮಾತೇ.

‘ದೇವರನ್ನು ಪರೀಕ್ಷಿಸಲು ನೀವು ಯಾರು?’ ಎಂದು ಭಕ್ತರು ಕೇಳಬಹುದು. ಉಪನಿಷತ್ತಿನ ಕಾಲದಿಂದಲೂ ಪರೀಕ್ಷೆ ನಡೆದೇ ಇದೆ ಎಂಬುದು ನನ್ನ ಉತ್ತರ. ಬೃಹದಾರಣ್ಯಕ ಉಪನಿಷತ್ತಿನ ಮೂರನೆಯ ಅಧ್ಯಾಯದಲ್ಲಿ ಮದ್ರದೇಶದ ಪತಂಚಲ ಕಾಪ್ಯನ ಮನೆಯ ಪ್ರಸಂಗ ಎರಡು ಸಲ ಬರುತ್ತದೆ. ಒಂದು ಕಡೆ ಅವನ ಮಗಳು, ಇನ್ನೊಂದು ಕಡೆ ಅವನ ಹೆಂಡತಿ ಗಂಧರ್ವನಿಂದ ಹಿಡಿಯಲ್ಪಟ್ಟಿರುತ್ತಾಳೆ. ಅಲ್ಲಿದ್ದವರು ಮೊದಲು ಕೇಳುವುದು ‘ನೀನು ಯಾರು’ ಎಂದು. ಜಾತ್ರೆಯಲ್ಲಿ ನಮ್ಮ ಹಿರಿಯರು ಮೊದಲು ಕೇಳುವುದೂ ಅದನ್ನೇ. ಆಮೇಲೆ ನಡೆಯುವುದು ಇನ್ನೂ ಮುಖ್ಯ. ಗಂಧರ್ವನ ಮೂಲಕ ಬಂದ ವಿಷಯವನ್ನು ಅಲ್ಲಿದ್ದ ಭುಜ್ಯು, ಉದ್ದಾಲಕ ಎಂಬವರು ಜನಕನ ಸಭೆಗೆ ತಂದು ಯಾಜ್ಞವಲ್ಕ್ಯನ ಮುಂದೆ ಪ್ರಶ್ನೆಯಾಗಿ ಇಡುತ್ತಾರೆ. ಗಂಧರ್ವ ಹೇಳಿದ್ದಾನೆ, ಮುಗಿಯಿತು ಎಂದು ಸಭೆ ಏಳುವುದಿಲ್ಲ; ಎಚ್ಚರದಲ್ಲಿರುವವರು ವಾದ ಮಾಡುತ್ತಾರೆ. ಅಂತರ್ಯಾಮಿಯ ವಿಚಾರದಂಥ ಗಹನವಾದ ಚರ್ಚೆ ಮೈದುಂಬಿದ ಹೆಣ್ಣೊಬ್ಬಳ ಬಾಯಿಂದ ಹೊರಟು, ತರ್ಕದ ಸಭೆಯಲ್ಲಿ ರೂಪು ಪಡೆಯುತ್ತದೆ. ಆ ಅನುಭವಕ್ಕೆ ಇದಕ್ಕಿಂತ ದೊಡ್ಡ ಗೌರವ ಬೇಕೆ?

ನಮ್ಮ ಹಳ್ಳಿಗಳೂ ಪರೀಕ್ಷೆಗೆ ಹೊರತಲ್ಲ. ಹೂವಿನ ಅಪ್ಪಣೆ ಕೇಳುತ್ತಾರೆ, ಇನ್ನೊಂದು ದೇವರ ಹತ್ತಿರ ಹೋಗಿ ಮತ್ತೆ ಕೇಳುತ್ತಾರೆ, ಮಾತು ನಡೆಯದಿದ್ದರೆ ಸಿಟ್ಟಿನಿಂದ ದೇವರನ್ನೇ ಬಯ್ಯುತ್ತಾರೆ. ಸಿರಾ ಸೀಮೆಯ ಕಾಡುಗೊಲ್ಲರು ಗಣೆ ಎಂಬ ಕೊಳಲಿನ ನಾದದೊಂದಿಗೆ ಹಾಡುವ ಜುಂಜಪ್ಪ ದನ ಕಾಯ್ದು ಬದುಕಿ, ಆಮೇಲೆ ದೇವರಾದವನು. ಹುಟ್ಟು, ನಂಟು, ಜಗಳ ಎಲ್ಲ ಇರುವ ದೇವರ ಜೊತೆ ವಾದ ಮಾಡುವುದು ಅಪಚಾರವಲ್ಲ, ಸಲಿಗೆ. ಆದರೆ ಈ ಪರೀಕ್ಷೆಯಲ್ಲಿ ಒಂದು ಕೊರತೆ ಇದೆ. ಅದು ಬಂದವರು ಯಾರು ಎಂಬುದನ್ನು ಕೇಳಿದಷ್ಟು ನಿಷ್ಠುರವಾಗಿ, ಹೇಳಿದ್ದು ಸರಿಯೇ ಎಂಬುದನ್ನು ಕೇಳುವುದಿಲ್ಲ. ಹೇಳಿಕೆ ಸುಳ್ಳಾದಾಗ ಪೂಜಾರಿಗೆ ಮೈಲಿಗೆಯಾಗಿತ್ತು, ಹರಕೆಯಲ್ಲಿ ಲೋಪವಾಗಿತ್ತು ಎಂಬ ಕಾರಣ ಸಿದ್ಧವಾಗಿರುತ್ತದೆ. ಸೋಲೇ ಇಲ್ಲದ ಪರೀಕ್ಷೆಯಲ್ಲಿ ಗೆಲುವಿಗೂ ಬೆಲೆಯಿಲ್ಲ.

ಇಲ್ಲಿ ವೇದಾಂತಿಯೊಬ್ಬರು ಇನ್ನೂ ಆಳವಾದ ಆಕ್ಷೇಪ ಎತ್ತಬಹುದು. ಮಾಂಡೂಕ್ಯ ಉಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿ, ತುರೀಯ ಎಂದು ನಾಲ್ಕು ಸ್ಥಿತಿಗಳನ್ನು ಹೇಳುತ್ತದೆ. ಎಚ್ಚರವೂ ಕನಸಿನಷ್ಟೇ ಮಿಥ್ಯೆ ಎಂದು ಅದಕ್ಕೆ ಕಾರಿಕೆ ಬರೆದ ಗೌಡಪಾದರು ವಾದಿಸಿದರು. ಹಾಗಿರುವಾಗ ಎಚ್ಚರವೇ ಉಳಿದ ಸ್ಥಿತಿಗಳಿಗೆ ನ್ಯಾಯಾಧೀಶನಾಗುವುದು ಹೇಗೆ? ಪರಮಾರ್ಥದಲ್ಲಿ ಎಚ್ಚರಕ್ಕೆ ಹೆಚ್ಚಿನ ಪಟ್ಟ ಬೇಡ ಎಂದು ಒಪ್ಪೋಣ. ಆದರೆ ಹೇಳಿಕೆ ಪರಮಾರ್ಥದ ಮಾತಲ್ಲ. ಕುರಿ ಕಡಿ, ಸೊಸೆಯನ್ನು ಹೊರಗಿಡು, ಆಸ್ಪತ್ರೆಗೆ ಹೋಗಬೇಡ ಎಂಬ ಅಪ್ಪಣೆಗಳು ನಡೆಯುವುದು ವ್ಯವಹಾರದ ಲೋಕದಲ್ಲಿ. ಸಾಲ, ಹಸಿವು, ಜ್ವರ ಇರುವುದೂ ಅಲ್ಲೇ. ವ್ಯವಹಾರದಲ್ಲಿ ವ್ಯವಹಾರದ ಪ್ರಮಾಣಗಳೇ ನಡೆಯಬೇಕು ಎಂಬುದನ್ನು ಅದ್ವೈತವೂ ಅಲ್ಲಗಳೆಯುವುದಿಲ್ಲ. ಫಲ ಎಲ್ಲಿ ಬೀಳುತ್ತದೋ ಅಲ್ಲಿಯೇ ವಿಚಾರಣೆ.

ಫಲದ ಲೆಕ್ಕ ಎಷ್ಟು ಭಾರವಾದದ್ದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ದೇವರಿಗೆ ಸೂತಕವಾಗುತ್ತದೆಂದು ಬಾಣಂತಿಯನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸಲಾಗಿತ್ತು. ಮಳೆ, ಚಳಿಯ ದಿನಗಳಲ್ಲಿ ಹಸುಗೂಸು ತೀರಿಕೊಂಡಿತು. ಕಾಣದ ದೇವರ ಕೋಪದ ಭಯ ಕಾಣುವ ಕೂಸಿನ ನಡುಕಕ್ಕಿಂತ ದೊಡ್ಡದಾಯಿತು. ತಮಿಳುನಾಡಿನ ಎರಡು ಸಂಗತಿಗಳನ್ನೂ ಪಕ್ಕದಲ್ಲಿ ಇಡಬೇಕು. 2001ರ ಆಗಸ್ಟ್‌ನಲ್ಲಿ ಎರ್ವಾಡಿಯಲ್ಲಿ ದರ್ಗಾದ ಕೃಪೆಗಾಗಿ ಬಂದು, ಸರಪಳಿಯಲ್ಲಿ ಕಟ್ಟಲ್ಪಟ್ಟಿದ್ದ 28 ಮಾನಸಿಕ ರೋಗಿಗಳು ಬೆಂಕಿಗೆ ಆಹುತಿಯಾದರು. ಮರುವರ್ಷ ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು ಅದೇ ರಾಜ್ಯದ ಒಂದು ದೇವಸ್ಥಾನದಲ್ಲಿ ಮನೆಯವರೊಡನೆ ತಂಗಿದ್ದ 31 ರೋಗಿಗಳ ಅಧ್ಯಯನ ಪ್ರಕಟಿಸಿದರು; ಆದರದ ವಾಸದಲ್ಲಿ ರೋಗಲಕ್ಷಣಗಳು ಸುಮಾರು ಐದನೆಯ ಒಂದು ಪಾಲು ಇಳಿದಿದ್ದವು. ಶ್ರದ್ಧೆ ಎರಡು ಕಡೆಯೂ ಇತ್ತು. ಮನುಷ್ಯನನ್ನು ನಡೆಸಿಕೊಂಡ ರೀತಿ ಬೇರೆಯಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗವರ್ಗೀಕರಣವೂ ಸಮುದಾಯ ಒಪ್ಪಿದ ಧಾರ್ಮಿಕ ಆವೇಶವನ್ನು ಕಾಯಿಲೆಯೆನ್ನುವುದಿಲ್ಲ. ಬೇಡವೆಂದರೂ ಬಂದು, ಬದುಕನ್ನು ಕೆಡಿಸುವುದನ್ನು ಮಾತ್ರ ಕಾಯಿಲೆಯೆನ್ನುತ್ತದೆ. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಕರ್ನಾಟಕದ ಮೌಢ್ಯವಿರೋಧಿ ಕಾಯ್ದೆಯ ವಿವೇಕವೂ ಇಂಥದೇ: ದೆವ್ವ ಬಿಡಿಸುವ ನೆಪದಲ್ಲಿ ಹೊಡೆದು ಬಡಿಯುವುದನ್ನು ಅಪರಾಧವೆನ್ನುವ ಅದು, ಮೈಗೆ ಹಾನಿ ಮಾಡದ ಪೂಜೆ ಪುನಸ್ಕಾರಗಳನ್ನು ತಡೆಯುವುದಿಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಇನ್ನೂ ಉಳಿದಿದೆ. ಬ್ರಿಟನ್ನಿನ ಮಾನವಶಾಸ್ತ್ರಜ್ಞ ಐ.ಎಂ. ಲೂಯಿಸ್ 1971ರಲ್ಲಿ ತೋರಿಸಿದಂತೆ, ಅನೇಕ ಸಮಾಜಗಳಲ್ಲಿ ಆವೇಶ ಹೆಚ್ಚಾಗಿ ಬರುವುದು ಹೆಂಗಸರ ಮೇಲೆ, ಕೆಳಗೆ ತಳ್ಳಲ್ಪಟ್ಟವರ ಮೇಲೆ. ಬೇರೆ ದಿನ ಯಾರ ಮುಂದೆಯೂ ತಲೆಯೆತ್ತದ ಸೊಸೆ ಅಂದು ಗಂಡನನ್ನು ಏಕವಚನದಲ್ಲಿ ಕರೆಯುತ್ತಾಳೆ. ದಲಿತನ ಬಾಯಿಂದ ಬಂದ ಮಾತಿಗೆ ಊರಗೌಡ ಕೈಮುಗಿಯುತ್ತಾನೆ. ಹೇಳಿಕೆಯನ್ನು ಎಚ್ಚರದ ಸಭೆ ವಿಚಾರಿಸಲಿ ಎಂದರೆ, ಆ ಸಭೆಯಲ್ಲಿ ಕೂರುವವರು ಅದೇ ಗಂಡ, ಅದೇ ಗೌಡ ಅಲ್ಲವೇ? ಆ ಸೊಸೆಗೆ, ಆ ದಲಿತನಿಗೆ ಇದ್ದ ಒಂದೇ ಬಾಯನ್ನೂ ಕಟ್ಟಿದಂತಾಗಲಿಲ್ಲವೇ? ಈ ಮಾತಿನಲ್ಲಿ ಸತ್ಯವಿದೆ. ಆದ್ದರಿಂದ ನನ್ನ ವಾದಕ್ಕೆ ಒಂದು ಷರತ್ತನ್ನು ನಾನೇ ಸೇರಿಸಬೇಕು. ಹೇಳಿಕೆಯನ್ನು ಎರಡಾಗಿ ಬಿಡಿಸಿ ಕೇಳಬೇಕು. ಇನ್ನೊಬ್ಬರ ಮೇಲೆ ಹೊರಿಸುವ ಅಪ್ಪಣೆ ಅದರಲ್ಲಿದ್ದರೆ, ಅದನ್ನು ಹೊರುವವರ ಒಪ್ಪಿಗೆ ಮತ್ತು ಪ್ರತ್ಯಕ್ಷ ಪ್ರಮಾಣ ಎರಡೂ ಬೇಕು. ನುಡಿದವರ ನೋವು ಅದರಲ್ಲಿದ್ದರೆ ಅದಕ್ಕೆ ಪ್ರಮಾಣ ಕೇಳುವ ಹಕ್ಕು ಯಾರಿಗೂ ಇಲ್ಲ; ಆ ನೋವಿಗೆ ನುಡಿದವಳೇ ಆಪ್ತಳು, ಅವಳಿಗಿಂತ ಚೆನ್ನಾಗಿ ಅದನ್ನು ಬಲ್ಲವರು ಬೇರೆ ಯಾರೂ ಇಲ್ಲ.

ಹಾಗೆಂದು ಆವೇಶದಿಂದಲೇ ಕೆಳಗೆ ತಳ್ಳಲ್ಪಟ್ಟವರಿಗೆ ನ್ಯಾಯ ದೊರೆಯುತ್ತದೆ ಎಂದು ನಂಬಲಾಗುವುದಿಲ್ಲ. ಕೈಮುಗಿದ ಗೌಡ ಮುಗಿದದ್ದು ದೇವರಿಗೆ. ಮರುದಿನ ಅದೇ ದಲಿತನನ್ನು ಅವನು ಜಗುಲಿಯ ಕೆಳಗೇ ನಿಲ್ಲಿಸಬಹುದು. ಅಮ್ಮ ಇಳಿದುಹೋದ ಮೇಲೆ ಸೊಸೆಯ ದನಿ ಮತ್ತೆ ಅಡುಗೆಮನೆಗೆ ಸೇರುತ್ತದೆ. ಆದ್ದರಿಂದ ಮೈದುಂಬುವಿಕೆಯನ್ನು ನಿಲ್ಲಿಸಬೇಕೆಂಬುದು ನನ್ನ ವಾದವಲ್ಲ. ಸಿದ್ಧರಬೆಟ್ಟದ ಮೌನವೂ ಮಾರಮ್ಮನ ಬಯಲಿನ ಕುಣಿತವೂ ಮನುಷ್ಯನ ಒಳಗಿನ ಹರವನ್ನು ನಮಗೆ ತೋರಿಸುತ್ತವೆ, ಅವು ಇರಲಿ. ಸುಸ್ತಾಗಿ ಕುಳಿತು ನೀರು ಕೇಳುವ ಆ ಸೊಸೆಗೆ ನೀರು ಕೊಟ್ಟ ಮೇಲೆ ನಾವು ಏನು ಮಾಡುತ್ತೇವೆ ಎಂಬುದು ಪ್ರಶ್ನೆ. ಬಂದ ದೇವರನ್ನು ‘ನೀನು ಯಾರು, ನಿನಗೇನು ಬೇಕು’ ಎಂದು ಕೇಳಲು ನಮ್ಮ ಊರುಗಳಿಗೆ ಗೊತ್ತಿದೆ. ಅದೇ ಎರಡು ಪ್ರಶ್ನೆಗಳನ್ನು, ಅಷ್ಟೇ ಗಮನವಿಟ್ಟು, ಎಚ್ಚರದಲ್ಲಿರುವ ಅವಳನ್ನೂ ಕೇಳಬೇಕು.