ಗ್ರಹಣಿ ಮತ್ತು ಗ್ರಹಚಾರ

ಐಬಿಎಸ್ ಎಂದು ಡಾಕ್ಟರುಗಳು ಕರೆಯುವ ಇರಿಟಬಲ್ ಬವೆಲ್ ಸಿಂಡ್ರೋಮ್ ಸ್ಕ್ಯಾನಿಂಗಿಗೂ ಎಂಡೋಸ್ಕೋಪಿಗೂ ಸಿಗದ ಕಾಯಿಲೆ. ಕರುಳಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ. ಆದರೂ ಹೊಟ್ಟೆ ನುಲಿಯುತ್ತದೆ, ಉಬ್ಬರಿಸುತ್ತದೆ, ಒಂದು ವಾರ ಭೇದಿಯಾದರೆ ಇನ್ನೊಂದು ವಾರ ಮಲಬದ್ಧತೆ. 2016ರ ‘ರೋಮ್ 4’ ಮಾನದಂಡದಂತೆ ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು, ಮಲವಿಸರ್ಜನೆಯೊಂದಿಗೆ ಅದಕ್ಕೆ ನಂಟಿರಬೇಕು, ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ರಿಪೋರ್ಟೆಲ್ಲ ನಾರ್ಮಲ್ ಬಂದ ದಿನ ರೋಗಿಯ ಕಿವಿಗೆ ಬೀಳುವ ಮಾತು, ‘ನಿಮಗೇನೂ ಆಗಿಲ್ಲ, ಟೆನ್ಷನ್ ಬಿಡಿ.’ ಧೈರ್ಯ ಹೇಳುವ ಈ ಮಾತಿನೊಳಗೆ ಎರಡು ಹಳೆಯ ತಾತ್ವಿಕ ಪ್ರಶ್ನೆಗಳಿವೆ. ಕಣ್ಣಿಗೆ ಕಾಣುವ ಕಾರಣವಿಲ್ಲದ ನೋವು ನಿಜವೇ? ನಂಬಿಕೆಯಿಂದ ಇಳಿದ ನೋವು ನಿಜವಾಗಿಯೂ ಇಳಿಯಿತೇ?

ತುಮಕೂರು ಜಿಲ್ಲೆಯ ಉತ್ತರದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಈ ಪ್ರಶ್ನೆಗಳು ಗ್ರಂಥದಿಂದ ಇಳಿದು ಬೀದಿಗೆ ಬಂದಿವೆ. ತಾಲ್ಲೂಕು ಆಸ್ಪತ್ರೆಯ ಚೀಟಿ ಜೇಬಿನಲ್ಲಿರುವಾಗಲೇ ಪಾವಗಡದ ಶನಿಮಹಾತ್ಮನಿಗೆ ಹರಕೆ ಹೊರುವುದು, ಮಧುಗಿರಿಯ ದಂಡಿನ ಮಾರಮ್ಮನಿಗೆ ಮಡಿಲಕ್ಕಿ ಕಟ್ಟುವುದು, ಔಷಧಿ ಸಸ್ಯಗಳಿಗೆ ಹೆಸರಾದ ಕೊರಟಗೆರೆಯ ಸಿದ್ಧರಬೆಟ್ಟದ ಬೇರುನಾರು ಕೇಳುವುದು ಇಲ್ಲಿ ಯಾರಿಗೂ ವಿರೋಧಾಭಾಸವೆನಿಸುವುದಿಲ್ಲ. ಇದನ್ನು ಮೌಢ್ಯವೆಂದು ಪಕ್ಕಕ್ಕೆ ಸರಿಸುವ ಮೊದಲು ಚರಕ ಸಂಹಿತೆಯ ಸೂತ್ರಸ್ಥಾನದ 11ನೇ ಅಧ್ಯಾಯವನ್ನು ನೋಡಬೇಕು. ಅಲ್ಲಿ ಚಿಕಿತ್ಸೆ ಮೂರು ಬಗೆ: ಮಂತ್ರ, ಬಲಿ, ಹೋಮ, ಉಪವಾಸಗಳ ದೈವವ್ಯಪಾಶ್ರಯ; ಆಹಾರ, ಔಷಧಗಳನ್ನು ಲೆಕ್ಕಾಚಾರದಿಂದ ಕೂಡಿಸುವ ಯುಕ್ತಿವ್ಯಪಾಶ್ರಯ; ಮನಸ್ಸನ್ನು ಕೆಡುಕಿನಿಂದ ಹಿಂದಕ್ಕೆಳೆಯುವ ಸತ್ತ್ವಾವಜಯ. ಮೂರನ್ನೂ ಒಪ್ಪಿದ ಗ್ರಂಥ ಬಹುಪಾಲು ಪುಟಗಳನ್ನು ಕೊಟ್ಟಿರುವುದು ಮಾತ್ರ ಎರಡನೆಯದಕ್ಕೆ.

ಹೊಟ್ಟೆಯ ವಿಷಯದಲ್ಲಿ ಚರಕ ಇನ್ನೂ ಸೂಕ್ಷ್ಮ. ಅತಿಸಾರದ ಆರು ಬಗೆಗಳಲ್ಲಿ ಒಂದು ಭಯದಿಂದ, ಇನ್ನೊಂದು ಶೋಕದಿಂದ ಬರುವಂಥದ್ದು. ಗ್ರಹಣಿ ರೋಗಕ್ಕೆ ಪ್ರತ್ಯೇಕ ಅಧ್ಯಾಯವೇ ಇದೆ. ಗ್ರಹಣಿಯೂ ಐಬಿಎಸ್ಸೂ ಒಂದೇ ಅಲ್ಲ. ಜಠರಾಗ್ನಿ ಕುಂದಿ, ಪಚನವಾಗದ ಅನ್ನ ಹೊರಬೀಳುವ ಅನೇಕ ಕಾಯಿಲೆಗಳು ಆ ಒಂದು ಹೆಸರಿನಡಿ ಸೇರಿವೆ. ಅದಕ್ಕೆ ಹೇಳಿದ ಮದ್ದುಗಳಲ್ಲಿ ಮೊದಲ ಸಾಲಿನಲ್ಲಿರುವುದು ಮಜ್ಜಿಗೆ. ಬೆಣ್ಣೆ ತೆಗೆದು ನೀರಾಗಿಸಿದ ಮಜ್ಜಿಗೆಗೆ ಜಜ್ಜಿದ ಶುಂಠಿ, ಚಿಟಿಕೆ ಇಂಗು, ಹುರಿದ ಜೀರಿಗೆ ಹಾಕಿ ಮುದ್ದೆಯೂಟದ ಕೊನೆಗೆ ಕುಡಿಯುವ ಬಯಲುಸೀಮೆಯ ಮನೆಗಳಿಗೆ ಅದನ್ನು ಗ್ರಂಥ ಕಲಿಸಬೇಕಾಗಿಲ್ಲ. ಹೊಟ್ಟೆ ಕೆಟ್ಟವರಿಗೆ ಹುರುಳಿ, ಅವರೆ ಬೇಡವೆನ್ನುವ ಪಥ್ಯಕ್ಕೂ ಇಂದಿನ ಆಹಾರತಜ್ಞರ ಸಲಹೆಗೂ ಹೆಚ್ಚು ದೂರವಿಲ್ಲ. ಆ ಕಾಳುಗಳಲ್ಲಿರುವ ಕೆಲವು ಸಕ್ಕರೆಗಳು ಕರುಳಿನಲ್ಲಿ ಹುದುಗಿ ವಾಯುವಾಗುತ್ತವೆ.

ಚೀನದ ವೈದ್ಯವೂ ದೇಹ ಬೇರೆ, ಮನಸ್ಸು ಬೇರೆ ಎಂದು ಗೆರೆ ಎಳೆಯಲಿಲ್ಲ. ಅದರ ಪ್ರಕಾರ ಯಕೃತ್ತು ಮರದ ತತ್ತ್ವ, ಪ್ಲೀಹ ಮಣ್ಣಿನ ತತ್ತ್ವ. ಸಿಟ್ಟು, ಅದುಮಿಟ್ಟ ಅಸಮಾಧಾನಗಳಿಂದ ಯಕೃತ್ತಿನ ‘ಚೀ’ ಎಂಬ ಪ್ರಾಣಶಕ್ತಿ ಕಟ್ಟಿಕೊಂಡು ಪ್ಲೀಹದ ಮೇಲೆ ಏರಿಹೋಗುತ್ತದೆ, ನೋವಿನೊಂದಿಗೆ ಭೇದಿಯಾಗುತ್ತದೆ. ಇದಕ್ಕೆ ಕೊಡುವ ‘ಥೊಂಗ್ ಶ್ಯೆ ಯಾವೊ ಫಾಂಗ್’ ಎಂಬ ಕಷಾಯದಲ್ಲಿ ನಾಲ್ಕೇ ವಸ್ತುಗಳು. ಒಂದು ಒಣಗಿಸಿದ ಕಿತ್ತಳೆ ಜಾತಿಯ ಸಿಪ್ಪೆ. ನಸುಕಿನಲ್ಲೇ ಭೇದಿಗೆ ಎಬ್ಬಿಸುವ ಹೊಟ್ಟೆಗೆ ಮೂತ್ರಪಿಂಡದ ಬಿಸಿ ಕುಂದಿರುವುದೇ ಕಾರಣವೆಂದು ತಿಳಿದು ಬೇರೆ ಮದ್ದು ಕೊಡುತ್ತಾರೆ. ಕಾಯಿಲೆ ಒಂದೇ ಆದರೂ ಮನುಷ್ಯ ಬೇರೆಯಾದರೆ ಮದ್ದು ಬೇರೆ. ಚೀನೀ ವೈದ್ಯದ ಇನ್ನೊಂದು ಅಂಗವಾದ ಸೂಜಿಚಿಕಿತ್ಸೆ, ಅಂದರೆ ಅಕ್ಯುಪಂಕ್ಚರ್, ಭಾರತಕ್ಕೆ ಬಂದ ದಾರಿಯೂ ಸ್ವಾರಸ್ಯದ್ದು. 1938ರಲ್ಲಿ ಚೀನಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಅಲ್ಲೇ ತೀರಿಕೊಂಡರು. ಅದೇ ತಂಡದ ಬಿ. ಕೆ. ಬಸು 1950ರ ದಶಕದ ಕೊನೆಯಲ್ಲಿ ಅಕ್ಯುಪಂಕ್ಚರ್ ಕಲಿತು ಕಲ್ಕತ್ತೆಗೆ ತಂದರು.

ಈ ಮದ್ದುಗಳು ಕೆಲಸ ಮಾಡುತ್ತವೆಯೇ? 1998ರಲ್ಲಿ ಆಸ್ಟ್ರೇಲಿಯಾದಲ್ಲಿ 116 ಐಬಿಎಸ್ ರೋಗಿಗಳ ಮೇಲೆ ನಡೆದ ಪ್ರಯೋಗದಲ್ಲಿ ಚೀನೀ ಗಿಡಮೂಲಿಕೆ ಔಷಧವಿಲ್ಲದ ಹುಸಿಮದ್ದಿಗಿಂತ (ಪ್ಲಸೀಬೊ) ಮೇಲಾಗಿತ್ತು. ಚಿಕಿತ್ಸೆ ನಿಂತ 14 ವಾರಗಳ ಮೇಲೂ ಗುಣ ಉಳಿದದ್ದು ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೊಂದಿಸಿದ ಮದ್ದು ಪಡೆದವರಲ್ಲಿ ಮಾತ್ರ. ಸೂಜಿಯ ಕಥೆ ಬೇರೆ: ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿದ 2012ರ ಕಾಕ್ರೇನ್ ಪರಿಶೀಲನೆಯಲ್ಲಿ ನಿಜವಾದ ಅಕ್ಯುಪಂಕ್ಚರ್ ತೋರಿಕೆಯ ಅಕ್ಯುಪಂಕ್ಚರಿಗಿಂತ ಮೇಲೆಂದು ಕಾಣಲಿಲ್ಲ.

ತತ್ತ್ವಕ್ಕೆ ನಿಜವಾದ ಸವಾಲು ಬಂದದ್ದು ಟೆಡ್ ಕ್ಯಾಪ್ಚಕ್ ಅವರಿಂದ. ಮಕಾವಿನಲ್ಲಿ ಚೀನೀ ವೈದ್ಯ ಕಲಿತ ಇವರು ಮುಂದೆ ಹಾರ್ವರ್ಡಿನಲ್ಲಿ ಹುಸಿಮದ್ದಿನ ಅಧ್ಯಯನಕ್ಕೆ ತೊಡಗಿದರು. 2008ರಲ್ಲಿ 262 ಐಬಿಎಸ್ ರೋಗಿಗಳನ್ನು ಮೂರು ಗುಂಪು ಮಾಡಿದರು. ಬರೀ ಕಾದವರಲ್ಲಿ ಶೇ 28, ಮಾತಿಲ್ಲದೆ ತೋರಿಕೆಯ ಸೂಜಿ ಪಡೆದವರಲ್ಲಿ ಶೇ 44, ಅದೇ ಸೂಜಿಯ ಜೊತೆ ವೈದ್ಯರ ಅಕ್ಕರೆಯ ಮಾತೂ ಸಿಕ್ಕವರಲ್ಲಿ ಶೇ 62 ಜನಕ್ಕೆ ಸಮಾಧಾನಕರ ಉಪಶಮನವಾಯಿತು. 2010ರಲ್ಲಿ 80 ಜನರ ಇನ್ನೊಂದು ಪ್ರಯೋಗ ನಡೆಸಿ, ಮಾತ್ರೆಯಲ್ಲಿ ಔಷಧವಿಲ್ಲವೆಂದು ಮೊದಲೇ ಹೇಳಿ ಕೊಟ್ಟರು. ಆಗಲೂ ಮಾತ್ರೆ ನುಂಗಿದವರಲ್ಲಿ ಶೇ 59, ನುಂಗದವರಲ್ಲಿ ಶೇ 35 ಜನಕ್ಕೆ ಹಾಯೆನಿಸಿತು. ಗುಣವಾಗಲು ಸುಳ್ಳು ಹೇಳಲೇಬೇಕೆಂಬ ನಂಬಿಕೆ ಅಲ್ಲಿಗೆ ಸಡಿಲಾಯಿತು.

ಪಾವಗಡದಲ್ಲಿ ಶನಿವಾರ ಒಪ್ಪತ್ತು ಇದ್ದು, ಎಳ್ಳೆಣ್ಣೆಯ ದೀಪ ಹಚ್ಚಿ, ಸಾಲಿನಲ್ಲಿ ನಿಂತು, ತನ್ನಂತೆಯೇ ನೊಂದವರ ನಡುವೆ ಕೈಮುಗಿದವನ ಹೊಟ್ಟೆ ಹಗುರಾದರೆ ಆ ಹಗುರ ನಿಜವೇ. (ಒಪ್ಪತ್ತಿನ ಪಾಲೂ ಅದರಲ್ಲಿರಬಹುದು.) ನೋವು ಎಂದರೆ ಅನುಭವ, ಅನುಭವ ಇಳಿದರೆ ನೋವು ಇಳಿದಂತೆಯೇ. ಆದರೆ ಇದರಿಂದ ಶನಿಯ ದೃಷ್ಟಿಯೇ ಕಾರಣವಾಗಿತ್ತೆಂದು ಸಾಬೀತಾಗುವುದಿಲ್ಲ, ಹಾಗೆಯೇ ಸೂಜಿಯಿಂದ ಹಾಯೆನಿಸಿದ್ದಕ್ಕೆ ಚೀ ಇದೆಯೆಂದೂ ಆಗುವುದಿಲ್ಲ. ಗುಣವಾದದ್ದು ಒಂದು ಸತ್ಯ, ಅದಕ್ಕೆ ಕೊಡುವ ಕಾರಣ ಬೇರೆಯೇ ಪ್ರಶ್ನೆ. ಎರಡನ್ನೂ ಒಂದೇ ಗಂಟಿಗೆ ಕಟ್ಟುವುದರಿಂದಲೇ ಭಕ್ತರೂ ವಿಚಾರವಾದಿಗಳೂ ಸಮಾನವಾಗಿ ಎಡವುವುದು.

ಹೀಗೆ ಕಟ್ಟಿದ ಗಂಟಿನ ಭಾರ ಹೊರುವವನು ರೋಗಿ. ‘ಗ್ರಹಚಾರ’, ‘ಹಿಂದಿನ ಜನ್ಮದ ಕರ್ಮ’ ಎಂಬ ಮಾತು ನೋವಿನ ಮೇಲೆ ಅಪರಾಧವನ್ನೂ ಹೇರುತ್ತದೆ. ಈ ಹೇರಿಕೆಗೆ ಪರಂಪರೆಯ ಒಪ್ಪಿಗೆಯೂ ಪೂರಾ ಇಲ್ಲ. ಪಾಲಿ ತ್ರಿಪಿಟಕದ ಸೀವಕ ಸುತ್ತದಲ್ಲಿ ಬುದ್ಧ ನಮ್ಮ ಅನುಭವಗಳಿಗೆ ಪಿತ್ತ, ಕಫ, ವಾತ, ಋತು ಮೊದಲಾದ ಎಂಟು ಕಾರಣಗಳನ್ನು ಎಣಿಸುತ್ತಾನೆ, ಕರ್ಮ ಎಂಟನೆಯದು. ಎಲ್ಲ ಅನುಭವವೂ ಹಿಂದಿನ ಕರ್ಮದ್ದೇ ಎನ್ನುವವರ ಮಾತನ್ನು ಅವನು ತಪ್ಪೆಂದು ತಳ್ಳುತ್ತಾನೆ. ಚರಕನ ವಿಮಾನಸ್ಥಾನದಲ್ಲೂ ಆಯುಸ್ಸು ದೈವ ಮತ್ತು ಪುರುಷಪ್ರಯತ್ನ ಎರಡನ್ನೂ ಆಧರಿಸಿದೆ. ಎಲ್ಲ ಮೊದಲೇ ಬರೆದಿದ್ದರೆ ಔಷಧಕ್ಕೆ ಅರ್ಥವಿಲ್ಲವೆಂಬ ತರ್ಕ ಅಲ್ಲಿಯದೇ.

ಹರಕೆಗೂ ಕಷಾಯಕ್ಕೂ ಒಂದು ಎಲ್ಲೆಯಿದೆ. ಮಲದಲ್ಲಿ ರಕ್ತ, ತಾನಾಗಿ ಇಳಿಯುವ ತೂಕ, ಜ್ವರ, ರಕ್ತಹೀನತೆ, ರಾತ್ರಿ ನಿದ್ದೆಗೆಡಿಸುವ ಭೇದಿ, ಐವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ ಇವು ಐಬಿಎಸ್‌ನ ಲಕ್ಷಣಗಳಲ್ಲ. ಕ್ಷಯವೋ ಕ್ಯಾನ್ಸರೋ ಆಗಿರಬಹುದು. ಇಂಥ ಲಕ್ಷಣಗಳಿರುವವರು ಬೆಟ್ಟ ಹತ್ತುವ ಮೊದಲು ಆಸ್ಪತ್ರೆಗೆ ಹೋಗಬೇಕು.